ಎರಡನೆಯ ರಿಮೋಟು

ಟಕ್. ಟಕ್.

ಆ ಸದ್ದು ಮೊದಲ ಸಲ ಕಿವಿಗೆ ಬಿದ್ದಾಗ ಯಶೋಧರಾಳ ಎದೆ ಧಸಕ್ಕೆಂದಿತು. ಮಟಮಟ ಮಧ್ಯಾಹ್ನ, ಒಳಗಿಂದ ಚಿಲಕ ಹಾಕಿದ ಮನೆ. ಗಂಡ ಧರ್ಮೇಂದ್ರ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ. ಅತ್ತೆ ಕುಳ್ಳಮ್ಮ ಕಳೆ ಕೀಳಲು ಗದ್ದೆಗೆ ಹೋಗಿದ್ದಳು. ಮನೆಯಲ್ಲಿದ್ದದ್ದು ಯಶೋಧರಾ, ಮತ್ತೆ ಟಿವಿಯ ಎದುರಿನ ಮಂಚದ ಮೇಲೆ ಮಾವ ಸೋಮಯ್ಯ. ಮಾವನನ್ನು ಇದ್ದಾರೆ ಎಂದು ಲೆಕ್ಕಕ್ಕೆ ಹಿಡಿಯುವುದನ್ನು ಆ ಮನೆಯವರು ಬಿಟ್ಟು ಬಹಳ ದಿನವಾಗಿತ್ತು. ಲಕ್ವ ಹೊಡೆದು ಬಲಗಡೆಯೆಲ್ಲ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಗಂಜಿ ಕುಡಿಸಿದರೆ ಕುಡಿಯುತ್ತಿದ್ದರು, ಮಗ್ಗುಲು ಹೊರಳಿಸಿದರೆ ಹೊರಳುತ್ತಿದ್ದರು.

ತಿರುಗಿ ನೋಡಿದಳು. ಮಾವ ಎಂದಿನಂತೆ ಮಲಗಿದ್ದರು, ಕುತ್ತಿಗೆಯವರೆಗೆ ಕಂಬಳಿ, ಕಣ್ಣು ಟಿವಿಯ ಕಡೆ. ಸದ್ದು ನಿಂತಿತ್ತು. ಇಲಿಯಿರಬೇಕು ಎಂದುಕೊಂಡಳು. ಇಲಿ ಎಂದುಕೊಂಡರೆ ಹೆದರಿಕೆ ಅರ್ಧ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಅವಳು ಆಡುತ್ತಿದ್ದದ್ದು ವಿಡಿಯೋ ಗೇಮು. ಬೆಳ್ಳೂರು ಕ್ರಾಸಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ ಮೈದುನ ನಾಗಾರ್ಜುನ ಅದನ್ನು ತಂದಿದ್ದ. ಒಂದು ಡಬ್ಬಿ, ಅದಕ್ಕೆ ಸಿಕ್ಕಿಸುವ ಕ್ಯಾಸೆಟ್ಟು, ಉದ್ದ ವೈರಿನ ತುದಿಯಲ್ಲಿ ಕೈಯಲ್ಲಿ ಹಿಡಿದು ಒತ್ತುವ ಗುಂಡಿಗಳಿದ್ದ ಎರಡು ಪಟ್ಟಿ. ಅವುಗಳನ್ನು ಊರಿನವರೆಲ್ಲ ರಿಮೋಟು ಎನ್ನುತ್ತಿದ್ದರು. ಆಟದಲ್ಲಿ ಲಾಟೀನು ಹಿಡಿದ ಪುಟ್ಟ ಮನುಷ್ಯನೊಬ್ಬ ಗವಿಯೊಳಗೆ ನಡೆಯುತ್ತಾನೆ. ನೆಲದಲ್ಲಿ ಗುಂಡಿ ಬಂದರೆ ನೆಗೆಯಬೇಕು, ಬಾವಲಿ ಬಂದರೆ ಬಗ್ಗಬೇಕು. ಕೊನೆಯಲ್ಲೊಂದು ಕಬ್ಬಿಣದ ಬಾಗಿಲಿದೆಯಂತೆ. ಅದನ್ನು ಆ ಊರಲ್ಲಿ ಕಣ್ಣಾರೆ ಕಂಡವರು ಇರಲಿಲ್ಲ.

ಒಬ್ಬರೂ ಆಡಬಹುದು, ಇಬ್ಬರೂ ಆಡಬಹುದು. ಇಬ್ಬರ ಆಟವೆಂದರೆ ಸರದಿಯ ಆಟ. ಒಬ್ಬನ ಮನುಷ್ಯ ಗುಂಡಿಗೆ ಬಿದ್ದು ಸತ್ತರೇನೇ ಇನ್ನೊಬ್ಬನ ರಿಮೋಟಿಗೆ ಜೀವ. ಒಬ್ಬರ ಆಟಕ್ಕೆ ಇಟ್ಟುಬಿಟ್ಟರೆ ಎರಡನೆಯ ರಿಮೋಟನ್ನು ಎಷ್ಟು ಒತ್ತಿದರೂ ಅಷ್ಟೇ, ಅದು ಬರೀ ಪ್ಲಾಸ್ಟಿಕ್ಕು. ಭಾನುವಾರ ನಾಗಾರ್ಜುನ ಮತ್ತವನ ಗೆಳೆಯರು ಸೇರಿದರೆಂದರೆ ಮನೆಯ ಹೆಂಚು ಹಾರಿಹೋಗಬೇಕು.

“ಬೇಗ ಸಾಯ್ಲಾ! ಎಷ್ಟೊತ್ತು ಬದುಕ್ತೀಯ?”

“ಸಾಯಕಿಲ್ಲ ಕಣ್ಲಾ, ಕಾಯ್ತಾ ಕುಂತಿರು!”

ಒಂದು ಭಾನುವಾರ ಟೀ ಕೊಡಲು ಹೋದವಳನ್ನು ನಾಗಾರ್ಜುನ ಬಿಡಲಿಲ್ಲ. “ಅತ್ಗೆ, ನೀವೂ ಒಂದ್ಸಲ ಆಡಿ ಬನ್ನಿ” ಎಂದು ರಿಮೋಟು ಕೈಗಿತ್ತ. ಅವಳ ಬೆನ್ನ ಹಿಂದೆ ಕೆಂಪಣ್ಣನೆಂಬ ಅವನ ಗೆಳೆಯ ತನ್ನ ಸರದಿಗೆ ಕಾದು ಕೂತಿದ್ದ. “ಇಗೋ ಸತ್ರು, ಈಗ್ ಸಾಯ್ತಾರೆ ನೋಡು” ಎಂದು ಅವನು ಪಿಸುಗುಟ್ಟುತ್ತಲೇ ಇದ್ದ. ಅವಳು ಮೊದಲನೆಯ ಗುಂಡಿಗೇ ಬಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತಮಾಷೆಯೇ ಸರಿ, ಅವಳೂ ಹಲ್ಲು ಕಿರಿದಳು. ಆದರೆ ತಾನು ಸಾಯುವುದನ್ನೇ ಕಾಯುತ್ತ ಬೆನ್ನ ಹಿಂದೆ ಒಬ್ಬರು ಕೂತಿರುವುದಿದೆಯಲ್ಲ, ಅದು ಅವಳಿಗೆ ಭಯ ಹುಟ್ಟಿಸಿತ್ತು.

ಇಂಥ ಮಾತು ಆ ಮನೆಗೆ ಹೊಸದೇನಲ್ಲ. ಮಾವನನ್ನು ನೋಡಲು ಬಂದ ನೆಂಟರು ಮಂಚದ ಪಕ್ಕವೇ ನಿಂತು, ಮಲಗಿದವರಿಗೆ ಕಿವಿಯೇ ಇಲ್ಲವೇನೋ ಎಂಬಂತೆ ಹೇಳಿ ಹೋಗುತ್ತಿದ್ದರು. “ಇನ್ನೂ ಎಷ್ಟ್ ದಿನ್ವೋ. ಬೇಗ ಕಣ್ ಮುಚ್ಕೊಂಡ್ರೆ ಅವ್ರಿಗೂ ನೆಮ್ಮದಿ, ನಿಮ್ಗೂ ಬುಡುಗಡೆ.” ಆಗೆಲ್ಲ ಯಶೋಧರಾ ಮಾವನ ಮುಖ ನೋಡಲಾರದೆ ಕಾಫಿ ಕಾಯಿಸುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

ಒಬ್ಬಳೇ ಆಡುವಾಗ ಈ ರಗಳೆಯೊಂದೂ ಇರಲಿಲ್ಲ. ಕಿಕ್ಕೇರಿಯ ತವರಿನಿಂದ ಬಂದು ವರ್ಷ ತುಂಬಿದ್ದರೂ ಅವಳಿಗೆ ಅಲ್ಲಿ ತನ್ನದೆನ್ನುವ ಹೊತ್ತು ಇದ್ದದ್ದು ಅದೊಂದೇ. ಗವಿಯ ಮನುಷ್ಯ ಅವಳು ಬರುವವರೆಗೂ ಕಾಯುತ್ತಿದ್ದ. ನಿಂತರೆ ನಿಲ್ಲುತ್ತಿದ್ದ. ಗುಂಡಿಗೆ ಬಿದ್ದರೆ ಅದು ಅವನಿಗೂ ಅವಳಿಗೂ ಮಾತ್ರ ಗೊತ್ತು. ಊರಿಗೆ ಸಾರುವವರಿಲ್ಲ, ನಗುವವರಿಲ್ಲ. ಎಷ್ಟು ಸಲ ಸತ್ತರೂ ಮರ್ಯಾದೆ ಹೋಗದ ಜಾಗ ಅದು.

ಟಿವಿಯ ಮೇಜು ಚಿಕ್ಕದು. ಬೇಡದ ಎರಡನೆಯ ರಿಮೋಟನ್ನು ಅವಳು ಮಾವನ ಮಂಚದ ಮೇಲೆ ಎಸೆದು, ಮಂಚಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುತ್ತಿದ್ದಳು. ಆಟದಲ್ಲಿ ಮುಳುಗಿದಾಗ ಹಿಂದಿನಿಂದ ಮತ್ತೆ ಅದೇ ಸದ್ದು. ಟಕ್, ಟಕ್. ತಿರುಗಿದರೆ ನಿಂತುಹೋಗುತ್ತಿತ್ತು. ಒಂದು ದಿನ ಮಂಚದ ಕೆಳಗೆ ಪೊರಕೆ ಆಡಿಸಿ ನೋಡಿದಳು, ಇಲಿಯಿರಲಿಲ್ಲ. ಮಾವನ ಕಣ್ಣು ಅವಳ ಮೇಲೆ ನೆಟ್ಟಿತ್ತು. ಇವರಿಗೆ ಎಲ್ಲ ಗೊತ್ತು, ಮಾತು ಬಂದರೆ ಮೊದಲು ಅತ್ತೆಗೆ ನನ್ನ ಚಾಡಿಯನ್ನೇ ಹೇಳುತ್ತಾರೆ ಎನ್ನಿಸಿತು. ಆದರೂ ಆಟ ಬಿಡಲಾಗಲಿಲ್ಲ. ಚಟವೆಂದರೆ ಹಾಗೇ.

ಇನ್ನೊಂದು ಮಧ್ಯಾಹ್ನ ಕಬ್ಬಿಣದ ಬಾಗಿಲು ಕಂಡಿತು.

ಕಂಡೊಡನೆ ಎದ್ದು ಕುಣಿಯಬೇಕೆನ್ನಿಸಿತು. ಹಾಳಾದ್ದು, ಅದೇ ಹೊತ್ತಿಗೆ ಡೈರಿಗೆ ಹಾಲು ಹಾಕುವ ಸಮಯವೂ ಆಗಿತ್ತು. ತಡವಾದರೆ ಹಾಲು ತೆಗೆದುಕೊಳ್ಳುವುದಿಲ್ಲ, ಅತ್ತೆ ಸುಮ್ಮನಿರುವುದಿಲ್ಲ. ಆಟ ಆರಿಸಿದರೆ ಮತ್ತೆ ಮೊದಲಿನಿಂದ; ಇಷ್ಟು ದಿನದ ಪಾಡು ಮಣ್ಣುಪಾಲು. ನಿಲ್ಲಿಸುವ ಗುಂಡಿ ಒತ್ತಿದಳು. ಗವಿಯ ಮನುಷ್ಯ ಬಾಗಿಲ ಮುಂದೆ ಲಾಟೀನೆತ್ತಿ ಹಾಗೇ ನಿಂತ. ಆದರೆ ಟಿವಿ ಉರಿಯುತ್ತಿರುವುದನ್ನು ಅತ್ತೆ ಕಂಡರೆ? ಆರಿಸಿಬಿಟ್ಟರೆ?

ಆ ಕಲರ್ ಟಿವಿಯನ್ನು ತೊಂಬತ್ತಾರರ ವಿಶ್ವಕಪ್ಪಿಗೆಂದು ತಂದದ್ದು. ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕು ಹಾಳೆಯನ್ನು ಬಿಸಾಡಲು ಕುಳ್ಳಮ್ಮ ಬಿಟ್ಟಿರಲಿಲ್ಲ. ನೋಡುವುದು ಮುಗಿದೊಡನೆ ಮೊದಲು ಆ ಪ್ಲಾಸ್ಟಿಕ್ಕು, ಅದರ ಮೇಲೆ ಯಶೋಧರಾ ತವರಿನಿಂದ ತಂದ ಕಸೂತಿಯ ಬಟ್ಟೆ ಹೊದಿಸಬೇಕು. ಧೂಳೂ ಕೂರಬಾರದು, ಕಂಡವರ ಕಣ್ಣೂ ಬೀಳಬಾರದು. ಮುಚ್ಚಿದ ಟಿವಿ ಎಂದರೆ ಆರಿಸಿದ ಟಿವಿ ಎಂದೇ ಆ ಮನೆಯಲ್ಲಿ ಅರ್ಥ. ಆ ಬೀದಿಯ ಅಷ್ಟೂ ಮನೆಗಳಲ್ಲಿ ಅದೇ ಅರ್ಥ. ಯಶೋಧರಾ ಗೇಮಿನ ಡಬ್ಬಿಯನ್ನೂ ಅದಕ್ಕೆ ಕರೆಂಟು ಕೊಡುವ ಅಡಾಪ್ಟರನ್ನೂ ಟಿವಿಯ ತಲೆಯ ಮೇಲಿಟ್ಟು, ಎಲ್ಲದರ ಮೇಲೂ ಪ್ಲಾಸ್ಟಿಕ್ಕು, ಬಟ್ಟೆ ಎರಡನ್ನೂ ಎಳೆದು ಹೊದಿಸಿದಳು. ಬೆಳಕು ಚೂರೂ ಕಾಣಲಿಲ್ಲ. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡಳು. ಕೋತಿ ನುಗ್ಗದಿರಲೆಂದು ಹೊರಗಿಂದ ಚಿಲಕ ಹಾಕಿ, ಹಾಲಿನ ಕ್ಯಾನು ಎತ್ತಿಕೊಂಡು ಹೊರಟಳು. ಮಂಚದ ಮೇಲಿದ್ದ ಎರಡನೆಯ ರಿಮೋಟು ನೆನಪಿಗೇ ಬರಲಿಲ್ಲ.

ಡೈರಿಯಲ್ಲಿ ಸಾಲು ಉದ್ದವಿತ್ತು. ಹಾಲು ಅಳೆಯುವ ಚಿಕ್ಕಮಾದಯ್ಯ ನಿಧಾನದ ಆಸಾಮಿ. ಅವಳ ಮುಂದೆ ನಿಂತಿದ್ದ ಪಕ್ಕದ ಮನೆಯ ಚಲುವಮ್ಮ ತನ್ನ ಸೊಸೆಯ ಪುರಾಣ ಬಿಚ್ಚಿದ್ದಳು. ಯಶೋಧರಾ ಹೂಂಗುಟ್ಟುತ್ತ, ಆ ಬಾಗಿಲು ತೆರೆಯಲು ಎಲ್ಲಿಂದ ನೆಗೆಯಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು.

ಆಗ ಡೈರಿಯ ಬಲ್ಬು ಇದ್ದಕ್ಕಿದ್ದಂತೆ ಬೆಳ್ಳಗೆ ಉರಿಯಿತು. ಕಣ್ಣು ಕುಕ್ಕುವಷ್ಟು ಬೆಳಕಾಗಿ, ಫಟ್ ಎಂದು ಒಡೆದು ಚೂರಾಯಿತು.

“ವೋಲ್ಟೇಜು ಜಾಸ್ತಿ ಬಂದ್ಬುಡ್ತು ಕಣ್ರೋ! ಮಿಷಿನ್ನು ಆರ್ಸಿ, ಆರ್ಸಿ!” ಎಂದು ಚಿಕ್ಕಮಾದಯ್ಯ ಕೂಗಿದ. “ಮನ್ಗಳಲ್ಲಿ ಟಿವಿ ಗೀವಿ ಆಕಿದ್ರೆ ಸುಟ್ಟೋಯ್ತವೆ!”

“ಈ ಒತ್ತಲ್ಲಿ ಯಾರ್ ಆಕ್ತಾರೆ ಬುಡು” ಎಂದಳು ಚಲುವಮ್ಮ.

ಯಶೋಧರಾಳ ಕಣ್ಣ ಮುಂದೆ ಮನೆ ಬಂದು ನಿಂತಿತು. ಬಟ್ಟೆಯ ಕೆಳಗೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನ ಕೆಳಗೆ ಉರಿಯುತ್ತಿರುವ ಟಿವಿ. ಎದುರಿಗೆ, ಕೂಗಿಕೊಳ್ಳಲು ಬಾಯಿಲ್ಲದ, ಎದ್ದು ಓಡಲು ಕಾಲಿಲ್ಲದ ಮನುಷ್ಯ. ಹೊರಗಿನ ಚಿಲಕ ಹಾಕಿದ ಕೈ ಅವಳದೇ.

ಕ್ಯಾನನ್ನು ಅಲ್ಲೇ ಬಿಟ್ಟು ಓಡಿದಳು. ಚಲುವಮ್ಮ ಹಿಂದಿನಿಂದ ಕೂಗಿದ್ದು ಕೇಳಿಸಲಿಲ್ಲ. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಾಗಲಿಲ್ಲ. ಬೀದಿಯ ತಿರುವಿನಲ್ಲಿ ಹೆಂಚುಗಳ ಮೇಲೆ ಹೊಗೆ ಏಳುತ್ತಿರುವುದು ಕಂಡು “ಅಯ್ಯೋ ನನ್ನಪ್ಪ” ಎಂದು ಕಿರುಚಿದಳು. ಅದು ಊರಾಚೆಯ ಆಲೆಮನೆಯ ಹೊಗೆ. ದಿನಾ ನೋಡುವ ಹೊಗೆಯೇ. ಅಂದು ಮಾತ್ರ ಅದು ತನ್ನ ಮನೆಯದೇ ಎನ್ನಿಸಿತು. ಎಲ್ಲರೂ ಕಾಯುತ್ತಿದ್ದರು, ಕೊಂದವಳು ನಾನಾದೆ. ಇದೊಂದೇ ಮಾತು ಅವಳ ತಲೆಯೊಳಗೆ ಗಿರಗಿರ ಸುತ್ತುತ್ತಿತ್ತು. ಬಾಗಿಲಿಗೆ ಬಂದರೆ ಚಿಲಕ ಸರಿಯಲೊಲ್ಲದು. ಸಂದಿಯಿಂದ ಸುಟ್ಟ ಪ್ಲಾಸ್ಟಿಕ್ಕಿನ ನಾತ ಮೂಗಿಗೆ ಬಡಿಯಿತು.

ಬಾಗಿಲು ತೆರೆಯಿತು. ಒಳಗೆಲ್ಲ ಕಪ್ಪು ಹೊಗೆ.

“ಮಾವಾ!”

ಹೊಗೆಯೊಳಗಿಂದ ಆ ಸದ್ದು ಕೇಳಿಸಿತು. ಟಕ್. ಟಕ್. ಟಕ್.

ಸೆರಗು ಮೂಗಿಗೆ ಹಿಡಿದು ಒಳಗೆ ನುಗ್ಗಿ, ಗೋಡೆಯ ಸ್ವಿಚ್ಚು ಆರಿಸಿ, ಕಿಟಕಿ ತೆಗೆದಳು. ಟಿವಿ ಬೋಳಾಗಿ ನಿಂತಿತ್ತು. ಡಬ್ಬಿ, ಅಡಾಪ್ಟರು, ಪ್ಲಾಸ್ಟಿಕ್ಕು, ಬಟ್ಟೆ ಎಲ್ಲ ಒಟ್ಟಿಗೆ ಜಾರಿ ಕೆಳಗೆ ಸಿಮೆಂಟು ನೆಲದ ಮೇಲೆ ಬಿದ್ದಿದ್ದವು. ಅಡಾಪ್ಟರು ಕರಗಿತ್ತು, ಕಸೂತಿಯ ಬಟ್ಟೆಯಲ್ಲಿ ಅಂಗೈಯಗಲದ ತೂತು ಬಿದ್ದು ಅಂಚು ಇನ್ನೂ ಹೊಗೆಯಾಡುತ್ತಿತ್ತು. ಬಿಂದಿಗೆಯ ನೀರು ತಂದು ಸುರಿದಳು. ಅವೆಲ್ಲ ಮೇಲೆಯೇ ಇದ್ದಿದ್ದರೆ ಮೊದಲು ಟಿವಿ, ಆಮೇಲೆ ಮಗ್ಗುಲಿನ ಸೊಳ್ಳೆಪರದೆ, ಆಮೇಲೆ ಮಂಚ.

ಡಬ್ಬಿಯಿಂದ ಹೊರಟ ವೈರು ಬಿಗಿದ ಹಗ್ಗದಂತೆ ಮಂಚದವರೆಗೂ ಹೋಗಿತ್ತು. ಅದರ ತುದಿಯ ರಿಮೋಟು ಮಾವನ ಎಡಗೈಯಲ್ಲಿತ್ತು. ಕಂಬಳಿ ಜಾರಿತ್ತು, ಮೈ ಅರ್ಧ ಮಂಚದಂಚಿಗೆ ಬಂದಿತ್ತು. ಕೆಮ್ಮುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು. ಆದರೂ ಆರಿಹೋದ ಟಿವಿಯನ್ನೇ ನೋಡುತ್ತ ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಿದ್ದರು. ಟಕ್. ಟಕ್.

ಯಶೋಧರಾ ಮಂಚದ ಪಕ್ಕ ಕುಸಿದು ಕೂತಳು. ಈಗ ಅವಳಿಗೆ ತಿಳಿಯಿತು. ಅಷ್ಟೂ ಮಧ್ಯಾಹ್ನಗಳಲ್ಲಿ ಕಂಬಳಿಯೊಳಗೆ ಆ ಕೈ ಒತ್ತುತ್ತಲೇ ಇತ್ತು. ಗವಿಯ ಮನುಷ್ಯ ನೆಗೆದಾಗಲೆಲ್ಲ ತಾವೇ ನೆಗೆಸಿದೆವೆಂದು ಮಾವ ತಿಳಿದಿದ್ದರು. ಅವಳು ಒಬ್ಬಳೇ ಆಡುತ್ತಿದ್ದೇನೆಂದುಕೊಂಡಿದ್ದಳು, ಅವರೂ ಆಡುತ್ತಿದ್ದೇನೆಂದುಕೊಂಡಿದ್ದರು. ಬೆಂಕಿ ಕಂಡು ವೈರು ಎಳೆದರೋ, ಮುಚ್ಚಿಹೋದ ಆಟ ಮತ್ತೆ ಕಾಣಲೆಂದು ಎಳೆದರೋ, ಅದನ್ನು ಕೇಳಿದರೂ ಹೇಳುವ ಬಾಯಿ ಅವರಿಗಿರಲಿಲ್ಲ.

ಕುಳ್ಳಮ್ಮ ಗದ್ದೆಯಿಂದ ಬಂದವಳು ಹೊಸ್ತಿಲಲ್ಲೇ ಬಾಯಿ ಬಡಿದುಕೊಂಡಳು. “ಏನಮ್ಮಿ ಇದು! ಮನ್ಗೆ ಬೆಂಕಿ ಇಕ್ತಿದ್ಯಲ್ಲಮ್ಮಿ!”

“ನಾನೇ ಅತ್ತೆ. ಆಟ ಆಡ್ತಿದ್ದೆ. ಆರಿಸ್ದೆ ಮುಚ್ಬುಟ್ಟು ಡೈರಿಗ್ ಒಂಟೋದೆ” ಎಂದಳು ಯಶೋಧರಾ. ಸುಳ್ಳು ಹೇಳುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಕುಳ್ಳಮ್ಮ ಅಂದದ್ದು ಒಂದೆರಡಲ್ಲ. ಬೈದು ಬೈದು ಸುಸ್ತಾಗಿ, ಗಂಡನ ಮುಖ ಒರೆಸಲು ಬಗ್ಗಿದಾಗ ಕೈಯಲ್ಲಿದ್ದದ್ದು ಕಂಡಿತು. “ಇದ್ಯಾಕ್ ಇಡ್ಕೊಂಡವ್ರೆ? ಕಿತ್ಕೊ, ಶಾಕು ಗೀಕು ಒಡ್ದಾತು.” ಕಿತ್ತುಕೊಳ್ಳಲು ನೋಡಿದಳು. ಬೆರಳು ಬಿಡಲಿಲ್ಲ.

“ಬುಡಿ ಅತ್ತೆ” ಎಂದಳು ಯಶೋಧರಾ. “ಅದು ಅವರ್ದು.”

ಭಾನುವಾರ ನಾಗಾರ್ಜುನ ಬೇರೆ ಅಡಾಪ್ಟರು ತಂದು ಹಾಕಿದ. ಡಬ್ಬಿಗೂ ಟಿವಿಗೂ ಏನೂ ಆಗಿರಲಿಲ್ಲ. ಯಶೋಧರಾ ಮಾತ್ರ ಅದರ ಕೆಂಪು ದೀಪ ಕಂಡರೆ ಮುಖ ತಿರುಗಿಸುತ್ತಿದ್ದಳು. ಹಲವು ಮಧ್ಯಾಹ್ನ ಅದರ ಹತ್ತಿರ ಸುಳಿಯಲಿಲ್ಲ. ಮಾವನ ಕಣ್ಣು ಟಿವಿಯ ಮೇಲೂ ಅವಳ ಮೇಲೂ ಹೋಗಿ ಬರುತ್ತಿತ್ತು. ಕಂಬಳಿಯೊಳಗಿನ ಬೆರಳು ಬರಿಗೈಯಲ್ಲೇ ಒತ್ತುತ್ತಿತ್ತು.

ಕೊನೆಗೊಂದು ದಿನ ಬಟ್ಟೆ ತೆಗೆದು, ಮಡಿಸಿ, ದೂರದ ಗೂಡಿನಲ್ಲಿಟ್ಟಳು. ಬಾಗಿಲು ತೆರೆದೇ ಇತ್ತು. ಮಾವನ ತಲೆಯ ಕೆಳಗೆ ಎರಡು ದಿಂಬು ಕೊಟ್ಟು, ಎಡಗೈಯಲ್ಲಿ ಎರಡನೆಯ ರಿಮೋಟು ಇಟ್ಟಳು. ತಾನು ಎಂದೂ ಒತ್ತದ ಇಬ್ಬರ ಆಟವನ್ನು ಒತ್ತಿದಳು.

ಮೊದಲ ಸರದಿ ಅವಳದು. ಗವಿಯ ಮನುಷ್ಯ ನಡೆದ, ಮೊದಲನೆಯ ಗುಂಡಿ ಬಂತು. ಕಣ್ಣು ಮುಚ್ಚಿಕೊಂಡು ದಾಟಬಲ್ಲ ಗುಂಡಿ ಅದು. ಹಿಂದಿನಿಂದ ಟಕ್, ಟಕ್ ಎಂಬ ಸದ್ದು ಕೇಳಿಸಿತು. ಯಾರೋ ತನ್ನ ಸಾವಿಗೆ ಕಾಯುತ್ತಿದ್ದಾರೆ ಎಂಬ ಹಳೆಯ ಭಯ ಬೆನ್ನು ಹತ್ತಿ ಬಂತು. ಯಶೋಧರಾ ಬೇಕೆಂದೇ ನೆಗೆಯದೆ, ಅವನನ್ನು ನೇರ ಗುಂಡಿಗೆ ನಡೆಸಿದಳು.

ತೆರೆ ಒಮ್ಮೆ ಕಪ್ಪಾಗಿ ಬೆಳಗಿತು. ಇನ್ನೊಬ್ಬ ಮನುಷ್ಯ ಬಂದು ನಿಂತ, ಹಸಿರು ಅಂಗಿಯವನು.

ಟಕ್. ಅವನು ನೆಗೆದ.

ಮಾವನ ಗಂಟಲಿನಿಂದ ಅವಳು ಎಂದೂ ಕೇಳದಿದ್ದ ಒಂದು ದನಿ ಬಂತು. ಯಶೋಧರಾ ಟಿವಿ ನೋಡುವುದನ್ನು ಬಿಟ್ಟು, ಮಂಚದ ಕಡೆ ತಿರುಗಿ ಕೂತಳು. ರಿಮೋಟಿನಲ್ಲಿ ಮುಂದೆ ನಡೆಸುವ ಗುಂಡಿ ಆ ಬೆರಳಿಗೆ ಎಟುಕುತ್ತಿರಲಿಲ್ಲ. ಹಸಿರಂಗಿಯವನು ನಿಂತಲ್ಲೇ ನೆಗೆದ, ಮತ್ತೆ ನೆಗೆದ. ಮುಂದೆ ಹೋಗದವನಿಗೆ ಗುಂಡಿಯೂ ಇಲ್ಲ, ಬಾವಲಿಯೂ ಇಲ್ಲ. ಅವನು ಸಾಯಲೇ ಇಲ್ಲ. ಡೈರಿಯ ಹೊತ್ತಾಗುವವರೆಗೂ ಅವಳ ಸರದಿ ಬರಲಿಲ್ಲ, ಬೇಗ ಸಾಯಿ ಎಂದು ಅವಳು ಅನ್ನಲೂ ಇಲ್ಲ.