ಬಾಸಿಂಗ ಕಟ್ಟಿದ ಸುಳ್ಳ ಕಾವಲಗಾರ

ನಾ ಹೇಳೂದರಾಗ ಒಂದ ಎಳಿ ಸುಳ್ಳಿದ್ರೂ ನನ್ನ ಮೀಸಿ ಇಲ್ಲೇ ಬೋಳಸ್ರಿ. ಬನಹಟ್ಟಿಯಾಗ, ನಮ್ಮಣ್ಣನ ಮಗ್ಗದ ಶೆಡ್ಡಿನ್ಯಾಗ, ನನ್ನ ಈ ಕಣ್ಣ ಮುಂದ ಆಗಿದ್ದು.

ನಮ್ಮಣ್ಣನ ಮಗಳು ಪ್ರತಿಮಾ ಮಗ್ಗಕ್ಕ ಕಂಪ್ಯೂಟರ್ ಕೂಡಿಸಿ, ಟೈಪ್‌ಸ್ಕ್ರಿಪ್ಟ್ ಅನ್ನೂ ಕಂಪ್ಯೂಟರ್ ಭಾಷಾದಾಗ ಅದರ ಪ್ರೋಗ್ರಾಮ್ ಬರದಾಳ. ಆವತ್ತ ನಮ್ಮ ಓಣಿ ಯಂಕವ್ವಕ್ಕ ಸೀರಿ ನೇಸಾಕ ಮುಂಜಾನಿಂದ ಶೆಡ್ಡಿನ್ಯಾಗ ಕುಂತಿದ್ಲು. ಮರುದಿನ ಜಮಖಂಡಿಯಾಗ ಮಗಳು ರಾಜೇಶ್ವರಿಯ ಕುಬಸ. ಬಸುರಿಗಿ ಹಸರ ಸೀರಿ ಉಡಸಬೇಕು, ಅದೂ ತವರೂರ ಮಗ್ಗದ್ದ ತರ್ತೀನಂತ ಬೀಗರಿಗಿ ಮಾತ ಕೊಟ್ಟ ಬಂದಿದ್ಲು. ಸಂಜಿ ಬಸ್ಸಿಗಿ ಸೀರಿ ಕೈಯಾಗ ಇರಬೇಕು.

"ಕಾಕಾ, ಈಗ ಮಗ್ಗ ತನಗ ಬೇಕಾದ್ದ ತಾನ ಹುಡುಕೂದಿಲ್ಲ," ಅಂದ್ಲು ಪ್ರತಿಮಾ. "ಮದುಮಗ ಅರಿಷಿಣ ತರಾಕ ಪ್ಯಾಟಿಗಿ ಹೊಕ್ಕಾನೇನು? ಹಿರ್ಯಾರು ಕುಂತಲ್ಲಿಗೆ ತಂದ ಕೊಡ್ತಾರ. ಹಂಗ ಮಗ್ಗ 'ನನಗೊಬ್ಬ ಎಳಿ ಕಾಯಾವ ಬೇಕು' ಅಂದ್ರ ಸಾಕು, ಪ್ರೋಗ್ರಾಮಿನ ಹಿರ್ಯಾ ತಂದ ಕೊಡ್ತಾನ. ಡಿಪೆಂಡೆನ್ಸಿ ಇಂಜೆಕ್ಷನ್ ಅಂತಾರ ಇದಕ್ಕ."

"ಯಾರನ್ನ ತರಬೇಕಂತ ಹಿರ್ಯಾಗ ಹೆಂಗ ತಿಳೀತೈತಿ?"

ಆಕಿ @ ಗುರುತಿನ ಒಂದ ಸಾಲ ತೋರಿಸಿದ್ಲು. "ಇದು ಡೆಕೊರೇಟರ್. ಬಾಸಿಂಗ ಅಂತ ತಿಳಕೋ. ಅದು ಯಾರ ತಲಿ ಮ್ಯಾಲ ಐತೋ ಅವನ್ನ ಹಿರ್ಯಾ ಕರ್ಕೊಂಡ ಬರ್ತಾನ. ಅದರ ಮ್ಯಾಲ ಟೈಪ್ ಅನ್ನೂ ತಪಾಸಣಿ ಬ್ಯಾರೆ ಐತಿ. ಎಳಿ ಐತೋ ಹರದೈತೋ ಅಂತ ಹೇಳಾಕ ಬರದವನ್ನ ಒಳಗ ಬಿಡೂದಿಲ್ಲ."

ಮಗ್ಗ ಖಟಕ್ ಖಟಕ್ ಓಡಿತು. ಸ್ಕ್ರೀನಿನ್ಯಾಗ ಒಂದ ಸಮನ "ಎಳಿ ಐತಿ, ಎಳಿ ಐತಿ". ಕಡೀಕ "ಸೀರಿ ಆತು" ಅಂತ ಬಂತು. ಯಂಕವ್ವಕ್ಕ ಸೀರಿ ಮುಟ್ಟಾಕ ಹ್ವಾದ್ಲು. ಕೈ ಸೀರ್ಯಾಗ ಹೊಕ್ಕು ಆ ಕಡೆ ಬಂತು.

ಒಂದ ಗೇಣ ಬಟ್ಟಿ, ಮುಂದೆಲ್ಲಾ ಬರೇ ಉದ್ದನ ಎಳಿ. ಲಾಳ್ಯಾಗಿನ ಅಡ್ಡ ನೂಲಿನ ಕಂಡಿಕಿ ಯಾವಾಗೋ ಖಾಲಿ ಆಗಿತ್ತು.

ಪ್ರತಿಮಾ ಹಣಿ ಹಿಡಕೊಂಡ್ಲು. "ಪರೀಕ್ಷೆ ಮಾಡಾಕ ನಿನ್ನೆ ಒಬ್ಬ ಸುಳ್ಳ ಕಾವಲಗಾರನ್ನ ಮಾಡಿದ್ದೆ. ಏನ ಕೇಳಿದ್ರೂ 'ಎಳಿ ಐತಿ' ಅಂತಾನ. ಬಾಸಿಂಗ ಅವನ ತಲಿ ಮ್ಯಾಲ ಉಳದೈತಿ."

"ಮತ್ತ ಟೈಪ್ ಅವನ್ನ ಹೆಂಗ ಒಳಗ ಬಿಡ್ತು?"

"ಹೇಳಾಕ ಬರ್ತೈತಲ್ಲ ಕಾಕಾ ಅವಗ. ಖರೆ ಹೇಳ್ತಾನೋ ಇಲ್ಲೋ, ಅದು ಟೈಪಿಗಿ ತಿಳಿಯೂದಿಲ್ಲ."

"ಥೇಟ್ ನಿಮ್ಮ ಕಾಕಾನ ಹಂಗ," ಅಂದ್ಲು ಯಂಕವ್ವಕ್ಕ. "ಬಸ್ಸಿನ ಹೊತ್ತಾತು, ಏನರ ಮಾಡವಾ."

ಪ್ರತಿಮಾ ಮಗ್ಗದ ಪ್ರೋಗ್ರಾಮ್ ಮುಟ್ಟಲೇ ಇಲ್ಲ. ಆ ಒಂದ ಸಾಲ ಸುಳ್ಳನ ತಲಿಯಿಂದ ಕಿತ್ತು ಖರೆ ಕಾವಲಗಾರಗ ಕಟ್ಟಿದ್ಲು. ಹೊಸಾ ಕಂಡಿಕಿ ಹಾಕಿದ್ಲು. ಮಗ್ಗ ಹೊಂಟ್ತು.

"ಹೆದರಬ್ಯಾಡಕ್ಕ," ಅಂದೆ ನಾ. "ಹರೇದಾಗ ನಾ ಒಂದ ಚಾ ಕುಡಿಯೂದ್ರಾಗ ಹತ್ತ ಸೀರಿ ನೇದಾವ."

ಮಗ್ಗ ಗಪ್ಪನ ನಿಂತ್ತು. ಸ್ಕ್ರೀನಿನ್ಯಾಗ "ಎಳಿ ಹರದೈತಿ". ಪ್ರತಿಮಾ ಬಗ್ಗಿ ನೋಡಿದ್ಲು, ಎಳಿ ಗಟ್ಟಿ ಐತಿ. ಮತ್ತ ಚಾಲೂ ಮಾಡಿದ್ಲು.

"ನನ್ನ ಸೀರಿ ನೋಡಾಕ ಮುಧೋಳದ ನಾಯಿ ಸೈತ ಓಡಿ ಬರ್ತಿದ್ವು," ಅಂದೆ.

ಮತ್ತ ನಿಂತ್ತು.

ಪ್ರತಿಮಾ ನನ್ನ ಮಾರಿ ನೋಡಿದ್ಲು. "ಕಾಕಾ, ಒಂದ ಖರೆ ಮಾತ ಹೇಳು."

"ನನಗ ನೇಯಾಕ ಬರೂದಿಲ್ಲ."

ಯಾರೂ ಮುಟ್ಟಲಿಲ್ಲರಿ, ಮಗ್ಗ ತಾನ ಹೊಂಟ್ತು. ಖರೆ ಕಾವಲಗಾರ ಎಳಿ ಅಷ್ಟ ಅಲ್ಲ, ಮಾತೂ ಕಾಯಾಕತ್ತಿದ್ದ.

ಯಂಕವ್ವಕ್ಕಗ ಮದಲ ಎಚ್ಚರಾತು. ನನ್ನ ರಟ್ಟಿ ಹಿಡದ ಹೊರಗ ದಬ್ಬಿ ಒಳಗಿಂದ ಚಿಲಕ ಹಾಕಿದ್ಲು. ಅಲ್ಲಿಂದ ಮಗ್ಗ ಒಮ್ಮೀನೂ ನಿಲ್ಲಲಿಲ್ಲ. ಸಂಜಿ ಬಸ್ಸಿನ ಕಿಡಕ್ಯಾಗ ಹಸರ ಸೆರಗ ಹಾರಿಸ್ಕೋತ ಆಕಿ ಹ್ವಾದ್ಲು.

ನನ್ನ ಮೀಸಿ ಯಾಕ ನೋಡಾಕತ್ತೀರಿ? ನಂಬಿಕಿ ಬರಲಿಲ್ಲಂದ್ರ ಬನಹಟ್ಟಿಗಿ ಬರ್ರಿ. ಮಗ್ಗದ ಮುಂದ ನಿಂತು ಈ ಕತಿ ಮದಲಿಂದ ಕಡೀತನಕ ನೀವಽ ಹೇಳ್ರಿ, ನಾ ಚಾದಂಗಡ್ಯಾಗ ಕುಂತಿರ್ತೀನಿ. ಮಗ್ಗ ನಿಂತ್ರ ಸುಳ್ಳ ಹೇಳಿದವ್ರು ನೀವು, ಚಾ ನೀವಽ ಕುಡಸಬೇಕು.