ಸೊಗಡಿಲ್ಲದ ಅವರೆಕಾಯಿ

ಕತ್ರಿಗುಪ್ಪೆಯ ಆ ಅಡ್ಡರಸ್ತೆಯಲ್ಲಿ ಸರ್ವಮಂಗಳಮ್ಮನ ಬಾಯಿಗೆ ಹೆದರದವರೇ ಇರಲಿಲ್ಲ. ಕಸದ ಗಾಡಿಯವನು ಬೇರೆಯವರ ಮನೆ ಮುಂದೆ ಒಂದು ಸಲ ಸೀಟಿ ಊದಿದರೆ, ಆಕೆಯ ಮನೆ ಮುಂದೆ ಎರಡು ಸಲ ಊದಿ, ಹಸಿ ಕಸ ಒಣ ಕಸ ಬೇರೆ ಮಾಡಿದ್ದಕ್ಕೆ ಥ್ಯಾಂಕ್ಸ್ ಬೇರೆ ಹೇಳಿ ಹೋಗುತ್ತಿದ್ದ. ಅಂಥ ಬಾಯಿ ಅಕ್ಟೋಬರಿನ ಒಂದು ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿದ್ದಂತೆಯೇ ಕಟ್ಟಿಹೋಯಿತು. ಸ್ಟ್ರೋಕ್. ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು, ಮಾತು ಹೋಯಿತು.

ಹೋಯಿತು ಎಂದರೆ ತಲೆಯೊಳಗಿನಿಂದ ಹೋಗಿರಲಿಲ್ಲ. ಅಲ್ಲಿ ಎಲ್ಲವೂ ಸರಿಯಾಗೇ ಇದ್ದವು. ಸೊಸೆ ಸಾರಿಗೆ ಹುಣಸೆಹಣ್ಣು ಹೆಚ್ಚು ಹಾಕಿದ್ದು ಗೊತ್ತಾಗುತ್ತಿತ್ತು, ಅದಕ್ಕೆ ಏನು ಹೇಳಬೇಕೆಂದೂ ಗೊತ್ತಿತ್ತು. ಆದರೆ ಹೇಳಲು ಹೋದರೆ ಬಾಯಿಂದ ಬರುತ್ತಿದ್ದುದು ಬರೀ "ಅದೂ... ಅದೂ..." ಅಷ್ಟೇ. ಅರವತ್ತಾರು ವರ್ಷ ಯಾರ ಮಾತಿಗೂ ಬಾಕಿ ಉಳಿಸಿಕೊಳ್ಳದ ಹೆಂಗಸಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಮಗ ಸೋಮನಾಥ ಒಳ್ಳೆಯವನೇ. ಜಯನಗರದ ಒಂದು ಸಹಕಾರಿ ಸಂಘದಲ್ಲಿ ಮ್ಯಾನೇಜರ್. ಎಲ್ಲವನ್ನೂ ಕಾಗದದಲ್ಲಿ ಬರೆದಂತೆಯೇ ಮಾಡುವುದು ಅವನ ಅಭ್ಯಾಸ. ಆಸ್ಪತ್ರೆಯಿಂದ ಕಳಿಸುವಾಗ ಕೊಟ್ಟ ಹಾಳೆಯಲ್ಲಿ 'ಉದ್ವೇಗ ತಪ್ಪಿಸಿ' ಎಂದು ಇತ್ತು. ಅವನು ಅದರ ಕೆಳಗೆ ಗೆರೆ ಎಳೆದ. ಅಮ್ಮನಿಗೆ ಉದ್ವೇಗ ಬರುವುದು ಯಾರಿಂದ? ಜನರಿಂದ. ಹಾಗಾದರೆ ಜನವೇ ಬೇಡ. ಅವತ್ತೇ ಸಂಜೆ ಗೇಟಿಗೆ ಒಂದು ರಟ್ಟು ಅಂಟಿಸಿದ: 'ಪೇಷೆಂಟ್ ವಿಶ್ರಾಂತಿಯಲ್ಲಿದ್ದಾರೆ. ದಯವಿಟ್ಟು ಬೆಲ್ ಒತ್ತಬೇಡಿ.'

ರಸ್ತೆಯವರು ಮರ್ಯಾದಸ್ಥರು, ಯಾರೂ ಒತ್ತಲಿಲ್ಲ. ಸರ್ವಮಂಗಳಮ್ಮ ಹಿಂದಿನ ರೂಮಿನಲ್ಲಿ ಉಳಿದಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸೋಮನಾಥ ಬಿಪಿ ನೋಡಿ ಡೈರಿಯಲ್ಲಿ ಬರೆಯುತ್ತಿದ್ದ. ಕೈಗೆ ಹಿಸುಕಲು ಒಂದು ಹಳದಿ ರಬ್ಬರ್ ಚೆಂಡು ಕೊಟ್ಟಿದ್ದ. ಮಧ್ಯಾಹ್ನ ಟ್ಯಾಬ್ ಹಿಡಿದು ಸೊಸೆ ಶ್ರೀದೇವಿ ಪಕ್ಕದಲ್ಲಿ ಕೂರುತ್ತಿದ್ದಳು. ಅದರಲ್ಲಿ ಸೇಬಿನ ಚಿತ್ರ ಬರುತ್ತಿತ್ತು. "ಅತ್ತೆ, ಇದೇನು ಹೇಳಿ?" ಸೇಬು ಅಂತ ಹೇಳಿ ಯಾರಿಗೇನು ಆಗಬೇಕಿತ್ತು? ಸರ್ವಮಂಗಳಮ್ಮ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಡಿಸೆಂಬರ್ ಬರುವಷ್ಟರಲ್ಲಿ ಆ "ಅದೂ" ಕೂಡ ಕಡಿಮೆಯಾಯಿತು. ಊಟ ಅರ್ಧಕ್ಕೆ ಇಳಿಯಿತು.

ವಾರಕ್ಕೆರಡು ಸಲ ಬರುತ್ತಿದ್ದ ಸ್ಪೀಚ್ ಥೆರಪಿಸ್ಟ್ ಇಂದ್ರಾಣಿ ಒಂದು ದಿನ ಹಾಲಿನಲ್ಲೇ ನಿಂತು ಹೇಳಿದಳು: "ಸಾರ್, ಇವರಿಗೆ ನನಗಿಂತ ಜಾಸ್ತಿ ಜನ ಬೇಕು. ಯಾರ ಜೊತೇನೂ ಬೆರೀದೆ ಇದ್ರೆ ಮೆದುಳು ಮಾತನ್ನ ಹುಡುಕೋದೇ ಬಿಟ್ಬಿಡುತ್ತೆ. ನಗೋದು, ಸಿಟ್ಟು ಮಾಡ್ಕೊಳ್ಳೋದು, ಎಲ್ಲಾ ಬೇಕು. ಎಷ್ಟೋ ಜನಕ್ಕೆ ಮೊದಲು ವಾಪಸ್ ಬರೋದೇ ಬೈಗುಳ."

"ಡಾಕ್ಟರ್ ಟೆನ್ಷನ್ ಬೇಡ ಅಂದಿದಾರೆ ಮೇಡಂ," ಎಂದ ಸೋಮನಾಥ. "ಇನ್ನೊಂದ್ ಸಲ ಸ್ಟ್ರೋಕ್ ಆದ್ರೆ ಯಾರು ಜವಾಬ್ದಾರಿ?"

ಇಂದ್ರಾಣಿ ಬ್ಯಾಗು ಹೆಗಲಿಗೇರಿಸಿ ಹೊರಟಳು. ಒಳಗಿದ್ದ ಸರ್ವಮಂಗಳಮ್ಮನಿಗೆ ಮಾತ್ರ ಎಲ್ಲವೂ ಕೇಳಿಸಿತು. ಮೆದುಳು ಹುಡುಕುವುದನ್ನೇ ಬಿಟ್ಟುಬಿಡುತ್ತದೆಯಂತೆ. ಹಾಗಾದರೆ ನಾನು ಈ ರೂಮಿನಲ್ಲೇ ಮೂಕಳಾಗಿ ಮುಗಿಯುತ್ತೇನೆ ಎಂದುಕೊಂಡಳು. ಅವತ್ತು ರಬ್ಬರ್ ಚೆಂಡನ್ನು ಎಡಗೈಯಲ್ಲಿ ಎತ್ತಿ ಮಂಚದ ಕೆಳಗೆ ಎಸೆದಳು.

ಈಗ ರುದ್ರಮ್ಮನ ವಿಷಯ ಹೇಳಬೇಕು. ಎದುರುಮನೆಯ ರುದ್ರಮ್ಮ, ಆ ರಸ್ತೆ ಇನ್ನೂ ಹೊಲವಾಗಿದ್ದಾಗಿನಿಂದ ಅಲ್ಲಿರುವವಳು. ಇಬ್ಬರಿಗೂ ಇಪ್ಪತ್ತೆರಡು ವರ್ಷದ ಜಗಳ. ರಂಗೋಲಿ ನೀರು ಯಾರ ಕಡೆ ಹರಿಯಿತು, ನುಗ್ಗೆಕೊಂಬೆ ಯಾರ ಕಾಂಪೌಂಡಿಗೆ ಬಾಗಿತು, ಜಗಳಕ್ಕೆ ಕಾರಣದ ಬರವೇ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಅವರೆಕಾಯಿಯ ಜಗಳ. ಡಿಸೆಂಬರ್ ಬಂತೆಂದರೆ ರಸ್ತೆಯ ಹೆಂಗಸರು ಮಧ್ಯಾಹ್ನ ರುದ್ರಮ್ಮನ ಮನೆ ಮುಂದೆ ಚಾಪೆ ಹಾಸಿ ಕೂರುತ್ತಿದ್ದರು. ಒಂದಷ್ಟು ಜನ ಕಾಯಿ ಸುಲಿಯುವುದು, ಇನ್ನೊಂದಷ್ಟು ಜನ ಹಿಂದಿನ ರಾತ್ರಿ ನೆನೆಸಿದ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಹಿತಕುವುದು. ಕಾಯಿ ಆರಿಸುವುದರಲ್ಲಿ ಸರ್ವಮಂಗಳಮ್ಮನ ಮೂಗಿಗೆ ಸಮ ಇರಲಿಲ್ಲ. ಗಾಡಿಯ ಮುಂದೆ ನಿಂತು ಒಂದು ಕಾಯಿ ಮೂಸಿದರೆ ಸಾಕು, ಕೈಗೆ ಅಂಟುವ ಆ ಗಾಢ ವಾಸನೆ, ಆ ಸೊಗಡು ಇದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ರುದ್ರಮ್ಮ ತಂದಿದ್ದನ್ನು ಪ್ರತಿ ವರ್ಷವೂ ಮೂಸಿ ಏನಾದರೊಂದು ಅನ್ನದೆ ಬಿಡುತ್ತಿರಲಿಲ್ಲ.

ಈ ವರ್ಷ ರುದ್ರಮ್ಮನಿಗೆ ಚಾಪೆಯ ಮೇಲೆ ಕೂತು ಬೇಜಾರಾಯಿತು. ಯಾರೂ ತಪ್ಪು ಹುಡುಕುವವರಿಲ್ಲ. ಎರಡನೇ ದಿನಕ್ಕೆ ಅವಳು ಎದ್ದು ಹೋಗಿ ಎದುರುಗೇಟಿನ ರಟ್ಟಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ಬಾಡಿಗೆಮನೆಯ ಶಾಲಿನಿಯಿಂದ ಅದನ್ನು ಇನ್ನೊಮ್ಮೆ ಓದಿಸಿದಳು.

"ಬೆಲ್ ಒತ್ತಬೇಡಿ ಅಂತಿದೆ ಆಂಟಿ."

"ಕೂತ್ಕೋಬೇಡಿ ಅಂತ ಇದೆಯಾ?"

"ಇಲ್ಲ."

"ಹಂಗಾದ್ರೆ ಚಾಪೆ ತಾ."

ಹೀಗೆ ಶನಿವಾರ ಮಧ್ಯಾಹ್ನ, ಸೋಮನಾಥ ಔಷಧಿ ತರಲು ಹೊರಗೆ ಹೋದ ಹೊತ್ತಿಗೆ, ಸರ್ವಮಂಗಳಮ್ಮನ ಗೇಟಿಗೆ ಬೆನ್ನು ಕೊಟ್ಟು ಎಂಟು ಜನ ಹೆಂಗಸರು ಅವರೆಕಾಯಿ ಹರವಿಕೊಂಡು ಕೂತರು. ರುದ್ರಮ್ಮ ಬೇಕೆಂದೇ ಗಂಟಲು ಎತ್ತರಿಸಿದಳು. "ಈ ಸಲ ಎಂಥಾ ಕಾಯಿ ತಂದಿದೀನಿ ನೋಡ್ರೇ! ಕತ್ರಿಗುಪ್ಪೇಲೇ ಇಂಥಾ ಕಾಯಿ ಯಾರೂ ತಂದಿಲ್ಲ! ಆ ಒಳಗಿರೋಳೂ ತಂದಿರ್ಲಿಲ್ಲ!"

ಸರ್ವಮಂಗಳಮ್ಮ ಮಂಚದ ಮೇಲೆ ಎದ್ದು ಕೂತಳು. ಸುಳ್ಳು! ಆ ಹೆಂಗಸಿಗೆ ಕಾಯಿ ಯಾವುದು ಸಿಪ್ಪೆ ಯಾವುದು ಗೊತ್ತಿಲ್ಲ! ಆಸ್ಪತ್ರೆಯಿಂದ ತಂದ ನಾಲ್ಕು ಕಾಲಿನ ಕೋಲು ಹಿಡಿದು ಹೊರಟಳು. ಹಾಲಿನಲ್ಲಿ ಶ್ರೀದೇವಿ ಅಡ್ಡ ಬಂದಳು. "ಅತ್ತೆ, ಬೇಡ. ಅವರು ಬಂದ್ರೆ ನನ್ನ ಬೈತಾರೆ." ಸರ್ವಮಂಗಳಮ್ಮ ಸೊಸೆಯ ಮುಖ ನೋಡಿದಳು. ಎರಡು ತಿಂಗಳಿಂದ ಹಗಲೂ ಇರುಳೂ ತನ್ನನ್ನು ನೋಡಿಕೊಂಡವಳು, ಪಾಪದ ಹುಡುಗಿ. ಎಡಗೈಯಿಂದ ಅವಳ ಕೆನ್ನೆ ಸವರಿ, ಪಕ್ಕಕ್ಕೆ ಸರಿಸಿ, ಮುಂದೆ ನಡೆದಳು. ಶ್ರೀದೇವಿ ತಡೆಯಲಿಲ್ಲ. ಹಿಂದಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದಳು.

ಗೇಟು ತೆರೆದಾಗ ಹೆಂಗಸರೆಲ್ಲ ಸುಮ್ಮನಾದರು. ಸೊಟ್ಟಗಾದ ತುಟಿ, ಇಳಿದುಹೋದ ಮೈ. ಶಾಲಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಯ್ಯೋ ಪಾಪ ಎಂಬ ಆ ಮೌನ ಸರ್ವಮಂಗಳಮ್ಮನಿಗೆ ಮೈ ಉರಿಸಿತು. ರುದ್ರಮ್ಮ ಒಬ್ಬಳೇ ಅಯ್ಯೋ ಅನ್ನಲಿಲ್ಲ. "ಬಂದ್ಯಾ? ಸುಮ್ನೆ ಕೂತ್ರೆ ಆಗಲ್ಲ, ಕೆಲ್ಸ ಮಾಡು," ಎಂದು ನೆನೆದ ಕಾಳಿನ ಬೋಗುಣಿಯನ್ನು ಕುರ್ಚಿಯಲ್ಲಿ ಕೂತ ಅವಳ ಮಡಿಲಿಗಿಟ್ಟಳು.

ಮೊದಲು ಎಡಗೈ. ನಾಲ್ಕು ಕಾಳು ಹಿತಕಿದ ಮೇಲೆ ಅದು ಕಳ್ಳಾಟ ಎನ್ನಿಸಿತು. ಬಲಗೈಯ ಹೆಬ್ಬೆರಳು, ತೋರುಬೆರಳ ನಡುವೆ ಒಂದು ಕಾಳು ಇಟ್ಟು ಒತ್ತಿದಳು. ಜಾರಿತು. ಇನ್ನೊಂದು. ಅದೂ ಜಾರಿತು. ಐದನೆಯದಕ್ಕೆ ಬೇಳೆ ಸಿಪ್ಪೆಯಿಂದ ಚಿಮ್ಮಿ ನೇರ ರುದ್ರಮ್ಮನ ಮೂಗಿಗೆ ಬಡಿಯಿತು. ಎಂಟೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸರ್ವಮಂಗಳಮ್ಮನಿಗೂ ನಗು ಬಂತು, ಎರಡು ತಿಂಗಳಲ್ಲಿ ಮೊದಲ ಸಲ. ಅರ್ಧ ಮುಖದ ನಗು ಹೇಗೆ ಕಾಣುತ್ತದೋ ಎಂಬ ಯೋಚನೆ ಬರುವುದರೊಳಗೆ ಅದು ಬಂದಾಗಿತ್ತು.

ಆಮೇಲೆ ಅಭ್ಯಾಸಬಲದಿಂದ ಬಗ್ಗಿ, ಸುಲಿಯದ ರಾಶಿಯಿಂದ ಒಂದು ಕಾಯಿ ಎತ್ತಿ ಮೂಸಿದಳು. ಇನ್ನೊಂದು ಎತ್ತಿ ಮೂಸಿದಳು. ಕಣ್ಣು ಕಿರಿದಾದವು. ರುದ್ರಮ್ಮ ಅವಳನ್ನೇ ನೋಡುತ್ತಿದ್ದಳು.

"ಏನೇ ನೋಡ್ತೀಯಾ? ಫಸ್ಟ್ ಕ್ಲಾಸ್ ಕಾಯಿ. ನಿನಗೆ ಹೊಟ್ಟೆಕಿಚ್ಚು."

ಸರ್ವಮಂಗಳಮ್ಮನ ಕತ್ತಿನ ನರ ಉಬ್ಬಿತು. ಬಾಯಿ ತೆರೆಯಿತು. "ಅದೂ..." ಎಂದಳು, ತಲೆ ಕೊಡವಿದಳು, ಕೋಲನ್ನು ನೆಲಕ್ಕೆ ಕುಕ್ಕಿದಳು.

"ಸೊಗ... ಸೊಗಡಿಲ್ಲ!"

ಶ್ರೀದೇವಿ ಗೇಟಿನ ಕಂಬಿ ಹಿಡಿದುಕೊಂಡಳು.

"ಏನಂದೆ? ಇನ್ನೊಂದ್ ಸಲ ಅನ್ನು," ಎಂದಳು ರುದ್ರಮ್ಮ. ಮುಂದಕ್ಕೆ ಬಾಗಿ ಕಿವಿ ಕೊಟ್ಟಳು.

"ಸೊಗಡಿಲ್ಲ! ಥೂ... ಹಾಳಾ... ಹಾಳಾದೋಳೆ!"

ಆ ಹೊತ್ತಿಗೆ ಸರಿಯಾಗಿ ಸೋಮನಾಥ ಔಷಧಿ ಚೀಲ ಹಿಡಿದು ಬಂದ. ಕಂಡದ್ದು ಅವನಿಗೆ ಸಾಕಾಯಿತು: ಬೀದಿಯಲ್ಲಿ ಅಮ್ಮ, ಕೆಂಪೇರಿದ ಮುಖ, ಎದುರಿಗೆ ರುದ್ರಮ್ಮ. "ಆಂಟಿ, ನಿಮಗೆ ಬುದ್ಧಿ ಇದೆಯಾ? ಬೋರ್ಡ್ ಕಾಣ್ಸಲ್ವಾ? ಅಮ್ಮನ ಸಾಯಿಸ್ಬೇಕು ಅಂತಿದೀರಾ?" ಒಳಗೆ ಓಡಿ ಬಿಪಿ ಮೆಷಿನ್ ತಂದು, ಅವರೆಕಾಯಿ ಸಿಪ್ಪೆಗಳ ನಡುವೆ ಮಂಡಿಯೂರಿ, ಅಮ್ಮನ ತೋಳಿಗೆ ಪಟ್ಟಿ ಸುತ್ತಿದ. ಮೆಷಿನ್ ಗುಂಯ್ ಎಂದಿತು. ಎಲ್ಲರೂ ಕತ್ತು ಚಾಚಿದರು.

"ನೂರಾ ನಲವತ್ತಾರು," ಎಂದ ಸೋಮನಾಥ.

"ಬೆಳಿಗ್ಗೆ ಎಷ್ಟಿತ್ತು?" ರುದ್ರಮ್ಮ ಕೇಳಿದಳು.

ಶ್ರೀದೇವಿ ಹೇಳಿದಳು: "ನೂರಾ ನಲವತ್ತಾರೇ."

"ರೂಮಲ್ಲಿ ಬಿದ್ಕೊಂಡಿದ್ರೂ ಅಷ್ಟೇ, ನನ್ನ ಬೈದ್ರೂ ಅಷ್ಟೇ ಅಂದ್ಮೇಲೆ, ಬೈಲಿ ಬಿಡಪ್ಪ ಸೋಮು," ಎಂದಳು ರುದ್ರಮ್ಮ.

ಸೋಮನಾಥ ಪಟ್ಟಿ ಬಿಚ್ಚಿದ. ಬಿಚ್ಚಿದ್ದನ್ನೇ ಅವನು ಮತ್ತೆ ಸುತ್ತಲು ಹೊರಟಿದ್ದು ಸರ್ವಮಂಗಳಮ್ಮನಿಗೆ ಕಾಣಿಸಿತು. ಇವನಿಗೆ ಭಯ, ಪಾಪ, ಅಷ್ಟೇ ಎನ್ನಿಸಿತು. ಆದರೆ ಇವನ ಭಯಕ್ಕೆ ತಾನು ಮೂಕಳಾಗಿ ಸಾಯಬೇಕೇ? "ಅಮ್ಮಾ, ಒಳಗೆ ಬಾ," ಎಂದ ಅವನು ಮೆಲ್ಲಗೆ. "ಎಕ್ಸರ್‌ಸೈಜ್ ಟೈಮ್ ಆಯ್ತು."

ಅವಳು ಮಗನ ಕಣ್ಣಲ್ಲಿ ಕಣ್ಣಿಟ್ಟಳು. ಮಾತು ಎಲ್ಲೋ ಒಳಗೆ ಇತ್ತು. ಅವಸರ ಮಾಡಲಿಲ್ಲ, ಹುಡುಕಿದಳು. ಸಿಕ್ಕಿತು.

"ಬ... ಬರಲ್ಲ."

ಎರಡು ತಿಂಗಳಿಂದ ಅಮ್ಮನ ಬಾಯಿಂದ ಒಂದೇ ಒಂದು ಮಾತಿಗೆ ಕಾದಿದ್ದ ಮಗ ಅಲ್ಲೇ ಸಿಪ್ಪೆಯ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಯಾರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಸರ್ವಮಂಗಳಮ್ಮನ ಎಡಗೈ ಅವನ ತಲೆಯ ಮೇಲಿತ್ತು.

"ಗೊತ್ತಿದ್ದೇ ತಂದೆ ಕಣೇ," ಎಂದಳು ರುದ್ರಮ್ಮ ಮೂಗೊರೆಸಿಕೊಳ್ಳುತ್ತಾ. "ಸೊಗಡಿಲ್ಲದ್ದನ್ನೇ ಕೊಡು ಅಂತ ಕೇಳಿದ್ದಕ್ಕೆ ಗಾಡಿಯವನು ನನ್ನ ಹುಚ್ಚಿ ಅನ್ಕೊಂಡ. ಒಳ್ಳೇದು ಐದು ಕೆಜಿ ಮನೇಲಿ ಇಟ್ಟಿದೀನಿ."

ಸರ್ವಮಂಗಳಮ್ಮ ಅವಳನ್ನು ಒಂದು ಕ್ಷಣ ನೋಡಿದಳು. ಹೇಳುವುದು ಬಹಳವಿತ್ತು, ಅದಕ್ಕೆ ಇನ್ನೂ ದಿನಗಳು ಬೇಕಿದ್ದವು. ಕೋಲೂರಿ ಎದ್ದು ಗೇಟಿನ ಹತ್ತಿರ ಹೋದಳು. ಬಲಗೈಯ ಎರಡು ಬೆರಳಲ್ಲಿ ಆ ರಟ್ಟಿನ ಮೂಲೆ ಹಿಡಿದಳು. ಒಮ್ಮೆ ಜಾರಿತು. ಎರಡನೇ ಸಲ ಟೇಪು ಸಮೇತ ಕಿತ್ತು ಬಂತು. ಅದನ್ನು ತಂದು ಚಾಪೆಯ ನಡುವೆ ಮಗುಚಿ ಹಾಕಿ, ಸಿಪ್ಪೆಯೆಲ್ಲ ಇದರ ಮೇಲೆ ಎಂದು ಬೆರಳಿಂದ ತೋರಿಸಿದಳು. ನಂತರ ಕುರ್ಚಿಯಲ್ಲಿ ಕೂತು, ಮಗನ ಮಡಿಲಿಗೂ ಒಂದು ಹಿಡಿ ಕಾಳು ಸುರಿದಳು.