ಕಪ್ಪಿಲ್ಲದ ಹೊಗೆ

ಅಬೂಬಕ್ಕರ್ ಓಡಿಸುವ ಸಿಟಿ ಬಸ್ಸು ಎಷ್ಟು ಹೊಗೆ ಉಗುಳುತ್ತಿತ್ತೆಂದರೆ, ಅದು ಬರುವ ಹೊತ್ತಿಗೆ ಉರ್ವ ಮಾರ್ಕೆಟಿನ ತರಕಾರಿಯವರು ಸೊಪ್ಪಿನ ಮೇಲೆ ಗೋಣಿ ಮುಚ್ಚುತ್ತಿದ್ದರು. ಹೆದರದೆ ಸ್ಟಾಪಿನಲ್ಲಿ ನಿಲ್ಲುತ್ತಿದ್ದವಳು ಒಬ್ಬಳೇ, ಅವನ ಹೆಂಡತಿ ಅಲೀಮಮ್ಮ. ಮದುವೆಯಾದಂದಿನಿಂದ ಮಧ್ಯಾಹ್ನದ ಟ್ರಿಪ್ಪಿಗೆ ಬುತ್ತಿ ತಂದು ಮುಂದಿನ ಬಾಗಿಲಲ್ಲಿ ಕೊಡುವುದು ಅವಳ ಪದ್ಧತಿ. ಬೆಳಿಗ್ಗೆಯೇ ಕಟ್ಟಿಕೊಡಬಹುದಿತ್ತು, ನಿಜ. ಆದರೆ ಬೆಳಕು ಹರಿಯುವ ಮೊದಲು ಹೊರಟು ರಾತ್ರಿ ಬರುವ ಗಂಡನ ಮುಖವನ್ನು, ಶುಕ್ರವಾರ ಬಿಟ್ಟರೆ, ಹಗಲಿನಲ್ಲಿ ನೋಡಲು ಬೇರೆ ದಾರಿ ಇರಲಿಲ್ಲ. ಬಿಸಿ ಅನ್ನವೆಂಬುದು ಬರೀ ನೆಪ, ಅದು ಇಬ್ಬರಿಗೂ ಗೊತ್ತಿತ್ತು.

ಕಳೆದ ಮಳೆಗಾಲದಲ್ಲಿ ಅವಳಿಗೆ ದಮ್ಮು ಶುರುವಾಯಿತು. ಅತ್ತಾವರದ ಡಾಕ್ಟರು ಇನ್ಹೇಲರ್ ಕೊಟ್ಟು, ಹೊಗೆಯ ಹತ್ತಿರ ಸುಳಿಯಬಾರದೆಂದರು. ಬುತ್ತಿ ಪಕ್ಕದ ಮನೆಯ ನಳಿನಾಕ್ಷಿಯ ಕೈಯಲ್ಲಿ ಹೋಗತೊಡಗಿತು. ನಳಿನಾಕ್ಷಿ ಒಳ್ಳೆಯವಳೇ, ಪಾಪ. ಆದರೆ ಬುತ್ತಿ ಅರ್ಧ ತುಂಬಿಕೊಂಡೇ ಮನೆಗೆ ವಾಪಸಾಗುತ್ತಿತ್ತು, ಅಲೀಮಮ್ಮನಿಗೆ ಮಧ್ಯಾಹ್ನಗಳು ಸಾಗುತ್ತಲೇ ಇರಲಿಲ್ಲ.

ದೇವರೇ ಕಣ್ಣು ಬಿಟ್ಟಂತೆ, ಇಂಜಿನಿಯರಿಂಗ್ ಓದುವ ಮಗಳು ಮರ್ವಾ ಒಂದು ಪ್ರಾಜೆಕ್ಟ್ ಹಿಡಿದುಕೊಂಡು ಬಂದಳು. ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಿ, ಐದರಲ್ಲೊಂದು ಪಾಲು ಡೀಸೆಲಿಗೆ ಬೆರೆಸಿ, ಹೊಗೆ ಎಷ್ಟು ಇಳಿಯುತ್ತದೆಂದು ಅಳೆಯುವುದು. ಬಸ್ಸಿನ ಧಣಿಯನ್ನು ಅಬೂಬಕ್ಕರನೇ ಕಾಡಿ ಬೇಡಿ ಒಪ್ಪಿಸಿದ.

ಮೊದಲ ವಾರ ನಗೆಪಾಟಲು. ಹೊಸ ಎಣ್ಣೆ ಟ್ಯಾಂಕಿನಲ್ಲಿ ವರ್ಷಗಳಿಂದ ಕೂತ ಕೊಳೆಯನ್ನೆಲ್ಲ ಕಿತ್ತು ತಂದು ಫಿಲ್ಟರಿಗೆ ತುಂಬಿತು, ಬಸ್ಸು ನಡುರಸ್ತೆಯಲ್ಲಿ ನಿಂತಿತು. ಫಿಲ್ಟರ್ ಬದಲಿಸಿದ ಮೇಲೆ ನಿಜವಾಗಿಯೂ ಹೊಗೆ ತೆಳುವಾಯಿತು. ಅದಕ್ಕೆ ಗೋಳಿಬಜೆ ಕರಿಯುವ ವಾಸನೆ ಬೇರೆ. "ಕಾಕ, ನಮ್ಮ ಹಿಂದೆ ಬರುವ ಸ್ಕೂಟರಿನವರಿಗೆಲ್ಲ ಹಸಿವಾಗ್ತದೆ ಮಾರಾಯ್ರೆ!" ಎಂದು ಕಂಡಕ್ಟರ್ ಮುಖೇಶ್ ಗೇಲಿ ಮಾಡಿದ.

ಶುಕ್ರವಾರ ನಮಾಝು ಮುಗಿಸಿ ಊಟಕ್ಕೆ ಬಂದ ಅಬೂಬಕ್ಕರ್, ಜೇಬಿನಿಂದ ಕರ್ಚೀಫು ತೆಗೆದು ಹೆಂಡತಿಯ ಮುಂದೆ ಬಿಡಿಸಿದ.

"ಸೈಲೆನ್ಸರಿಗೆ ಹಿಡಿದು ತಂದದ್ದು. ಕಪ್ಪು ಎಲ್ಲಿ ಉಂಟು ಹೇಳು ನೋಡುವ! ನಾಳೆಯಿಂದ ನೀನೇ ಬಾ."

ಅರವತ್ತರ ಹತ್ತಿರದ ಆ ಮುಖದಲ್ಲಿ ಮದುಮಗನ ಕಳೆ ಇತ್ತು. ಅಲೀಮಮ್ಮ ಕರಗಿ ನೀರಾದಳು.

ಅವನು ಹೋದ ಮೇಲೆ ಮರ್ವಾ ಅಡಿಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಳು.

"ಉಮ್ಮಾ, ಮಸಿ ಕಡಿಮೆಯಾದದ್ದು ಹೌದು. ಆದರೆ ಪೂರ್ತಿ ಹೋಗಲಿಲ್ಲ. ಮತ್ತೆ ನೈಟ್ರೋಜನ್ ಆಕ್ಸೈಡ್ ಅಂತ ಒಂದು ಗಾಳಿ ಉಂಟು, ಅದು ಮೊದಲಿಗಿಂತ ಸ್ವಲ್ಪ ಹೆಚ್ಚೇ ಬರ್ತಾ ಉಂಟು. ಕರ್ಚೀಫಿಗೆ ಅಂಟುವುದಿಲ್ಲ, ಆದರೆ ದಮ್ಮಿನವರಿಗೆ ಆಗುವುದಿಲ್ಲ. ಬಾಪನಿಗೆ ಹೇಗೆ ಹೇಳುವುದು?"

"ಹೇಳುವುದೇ ಬೇಡ," ಎಂದಳು ಅಲೀಮಮ್ಮ. "ಅಷ್ಟು ಖುಷಿಯಲ್ಲಿದ್ದಾರೆ. ಒಂದು ನಿಮಿಷದ ಕೆಲಸ. ಉಸಿರು ಬಿಗಿ ಹಿಡಿದು ನಿಲ್ತೇನೆ."

ಮರುದಿನ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಸ್ಟಾಪಿಗೆ ಬಂದಳು. ಬಸ್ಸು ನಿಂತಿತು. ಬುತ್ತಿ ಕೈಯಿಂದ ಕೈಗೆ ದಾಟಿತು. ಸ್ಟೇರಿಂಗ್ ಹಿಡಿದೇ ಬಗ್ಗಿ, "ಹೇಗೆ?" ಎಂದು ಹುಬ್ಬು ಹಾರಿಸಿದ ಅಬೂಬಕ್ಕರ್. "ಎಂತದೂ ಇಲ್ಲ, ಶುದ್ಧ ಗಾಳಿ," ಎಂದು ಅವಳು ನಕ್ಕಳು. ಬಸ್ಸು ಗುರ್ರೆಂದು ಹೊರಟದ್ದೇ ತಡ, ಎದೆ ಹಿಡಿದುಕೊಂಡಿತು. ಸೆರಗು ಬಾಯಿಗೊತ್ತಿ ಕಂಬ ಹಿಡಿದು ಕೆಮ್ಮಿದಳು. ಅವನು ಮುಂದೆ ನೋಡಿ ಓಡಿಸುತ್ತಾನೆಂದು ಅವಳ ಲೆಕ್ಕ. ಬಸ್ಸಿನ ಡ್ರೈವರಿಗೆ ಕನ್ನಡಿಯೊಂದು ಇರುತ್ತದೆಂಬುದು, ಇಷ್ಟು ವರ್ಷ ಡ್ರೈವರನ ಹೆಂಡತಿಯಾಗಿದ್ದೂ, ಅವಳ ತಲೆಗೆ ಹೊಳೆಯಲಿಲ್ಲ.

ಅವನು ಮನೆಗೆ ಬಂದು ಬೈಯಲಿಲ್ಲ. ಮರ್ವಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲ್ಲ ಕೇಳಿ ತಿಳಿದುಕೊಂಡ. ಮಗಳು ತಾನೇ ತಪ್ಪು ಮಾಡಿದವಳಂತೆ ಮುಖ ಸಣ್ಣ ಮಾಡಿಕೊಂಡಾಗ, "ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನನಗೇ ಗೊತ್ತಿರಬೇಕಿತ್ತು. ನಿನ್ನ ಎಣ್ಣೆ ಊರಿಗೆ ಒಳ್ಳೆಯದೇ ಮಾಡ್ತದೆ, ಬಿಡಬೇಡ," ಎಂದ. ಅಲೀಮಮ್ಮ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಳು. ನಾಳೆ ಮತ್ತೆ ನಳಿನಾಕ್ಷಿಯನ್ನೇ ಕರೆಯಬೇಕಲ್ಲ ಎಂದು ಅವಳಿಗೆ ಅಳು ಬಂತು.

"ನಾಳೆ ನೀನೇ ಬಾ," ಎಂದಷ್ಟೇ ಹೇಳಿ ಅವನು ಮಲಗಿದ.

ಮರುದಿನ ಬಸ್ಸು ಸ್ಟಾಪಿಗೆ ಬಂದು ನಿಂತದ್ದೇ ಇಂಜಿನು ಬಂದ್ ಆಯಿತು. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಇದು ನಡೆಯುವ ಮಾತಲ್ಲ. ಅರೆಕ್ಷಣ ತಡವಾದರೆ ಹಿಂದಿನ ಬಸ್ಸಿನವನು ಬಂದು ಜಗಳಕ್ಕೆ ನಿಲ್ಲುತ್ತಾನೆ. ಟೈಮಿನ ವಿಷಯದಲ್ಲಂತೂ ಅಬೂಬಕ್ಕರ್ ಎಂದೂ ಯಾರಿಂದಲೂ ಒಂದು ಮಾತು ಕೇಳಿದವನಲ್ಲ.

"ಕಾಕ, ಹಾಳಾಯ್ತಾ?" ಮುಖೇಶ್ ಗಾಬರಿಯಾದ.

"ಎಂತದೂ ಹಾಳಾಗಲಿಲ್ಲ." ಅಬೂಬಕ್ಕರ್ ಬುತ್ತಿ ತೆಗೆದುಕೊಂಡು ಹೆಂಡತಿಯ ಕಡೆ ನೋಡಿದ. "ನೀನು ಹೋಗು. ನೀನು ಮನೆಯ ಗೇಟಿನ ಒಳಗೆ ಹೋದ ಮೇಲೆ ಸ್ಟಾರ್ಟ್ ಮಾಡ್ತೇನೆ."

"ಜನ ಕಾಯ್ತಾರೆ, ನಿಮಗೆ ತಲೆ ಕೆಟ್ಟಿದೆಯಾ?"

"ಕಾಯಲಿ."

ಅವಳು ನಡೆದಳು. ಹಿಂದಿನ ಬಸ್ಸು ಬಂದು ಹಾರನ್ನು ಬಾರಿಸತೊಡಗಿತು. ಯಾರೋ ತುಳುವಿನಲ್ಲಿ ಬೈದರು, ಯಾರೋ ನಕ್ಕರು. ಓಣಿಯ ಕೊನೆಯಲ್ಲಿ ಮನೆಯ ಗೇಟಿಗೆ ಕೈಯಿಟ್ಟು ಅಲೀಮಮ್ಮ ತಿರುಗಿ ನೋಡಿದಳು. ಬಸ್ಸು ಹಾಗೆಯೇ ನಿಂತಿತ್ತು, ಬಾಗಿಲ ಕಡೆ ಬಗ್ಗಿದ ಅವನ ಮುಖ ಮಧ್ಯಾಹ್ನದ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವನ ಟೈಮು ತಪ್ಪುತ್ತಿದೆಯೆಂದು ಚೆನ್ನಾಗಿ ಗೊತ್ತಿದ್ದೂ ಅವಳು ಒಳಗೆ ಹೋಗಲು ಅವಸರ ಮಾಡಲಿಲ್ಲ.